ಚೀಲದ ತಳಕ್ಕೆ ಕೈ ಹಾಕಿದವಳು

ಆಲೂರು
22 ಜೂನ್ 2025, ಭಾನುವಾರ

ವನಗೂರು ಎಸ್ಟೇಟಿನ ರೈಟರ್ ಧರ್ಮನಿಗೆ,

ಜೈ ಭೀಮ್.

ಈ ಮಾತನ್ನು ನೀನು ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಯಿತೋ. ಇರಲಿ, ನಾನು ಹೇಳಿದ್ದೇನೆ. ನೀನು ಮನಸ್ಸಿನಲ್ಲೇ ತಿರುಗಿ ಹೇಳಿಕೋ, ಎಸ್ಟೇಟ್ ಆಫೀಸಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಫೋನ್ ಮಾಡಬಹುದಿತ್ತು. ಮಾಡಿದರೆ ಏನಾಗುತ್ತದೆ ಅಂತ ಇಬ್ಬರಿಗೂ ಗೊತ್ತು. ಮೂರನೇ ಮಾತಿಗೆ ನಾನು ದನಿ ಏರಿಸುತ್ತೇನೆ, ನಾಲ್ಕನೇ ಮಾತಿಗೆ ನಿನ್ನ ಸಿಗ್ನಲ್ ಹೋಗುತ್ತದೆ. ನನ್ನ ದನಿ ಏರಿದಾಗಲೇ ನಿಮ್ಮೂರಿನ ಸಿಗ್ನಲ್ ಯಾಕೆ ಹೋಗುತ್ತದೆ ಅಂತ ಟವರ್ ಕಟ್ಟಿದವರಿಗೂ ಗೊತ್ತಿಲ್ಲ. ಕಾಗದವನ್ನು ಹಾಗೆ ನಡುವೆ ಕತ್ತರಿಸಲಾಗದು. ನಯಾಜನ ಜೀಪಿನಲ್ಲಿ ಕಳಿಸುತ್ತಿದ್ದೇನೆ. ಸಕಲೇಶಪುರದಿಂದ ನಿಮ್ಮ ಗೇಟಿನ ತನಕ ದಾರಿಯುದ್ದಕ್ಕೂ ಹಾರನ್ ಹೊಡೆದುಕೊಂಡು ಬರುವ ಆ ಮನುಷ್ಯ, ಇದನ್ನು ನಿನ್ನ ಕೈಗೇ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದಾನೆ.

ಮೊದಲು ಜಗಳದ ಮಾತು, ಆಮೇಲೆ ಸಂತೋಷದ ಮಾತು. ನಮ್ಮ ಬಿಸಿಯೂಟದ ಸಂಘದ ಸಭೆಯಲ್ಲೂ ಇದೇ ಕ್ರಮ. ಮೊದಲು ಕೂಗಾಡುತ್ತೇವೆ, ಆಮೇಲೆ ಟೀ ಕುಡಿಯುತ್ತೇವೆ.

ಬರುವ ಭಾನುವಾರ ಕಾಫಿ ಒಣಗಿಸುವ ಕಣದಲ್ಲಿ ಶಾಮಿಯಾನ ಹಾಕಿಸಿ ನಯನಾಗೆ ಸನ್ಮಾನ ಮಾಡಬೇಕು ಅಂತ ನಿನ್ನ ಧಣಿ ಗೊತ್ತು ಮಾಡಿದ್ದಾರೆ ಅಂತ ನಯಾಜ್ ಹೇಳಿದ. ಶಾಲು, ಹಾರ, ಹಣ್ಣಿನ ಬುಟ್ಟಿ. ‘ನಮ್ ರೈಟರ್ ಮಗಳು ಸೈನ್ಸಿನಲ್ಲಿ ತಾಲ್ಲೂಕಿಗೇ ಮೊದಲು ಬಂದವ್ಳೆ, ಅವಳ ಓದಿನ ಖರ್ಚು ನನ್ನ ತಲೆ ಮೇಲೆ’ ಅಂತ ಹೋಂಸ್ಟೇ ಅತಿಥಿಗಳ ಮುಂದೆ ಹೇಳಿಕೊಂಡು ಓಡಾಡುತ್ತಿದ್ದಾರಂತೆ. ಅವರ ತಲೆ ಅಷ್ಟು ಗಟ್ಟಿಯಾಗಿದ್ದರೆ ಕೂಲಿಯವರ ಲೈನಿನ ಮನೆಗಳಿಗೆ ಹೆಂಚು ಹೊರಲಿ. ನಮ್ಮ ಮಗಳ ಓದು ಅದರ ಮೇಲೆ ಬೇಡ.

ತಾಯಮ್ಮನ ಮಗಳನ್ನು ಮರೆತೆಯಾ? ಅವಳಿಗೆ ನರ್ಸಿಂಗ್ ಓದಿಸಿದ್ದು ಇದೇ ಧಣಿ. ಓದಿಸಿದ್ದು ನಿಜ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಇವತ್ತಿಗೂ ಬೆಂಗಳೂರಿನಿಂದ ಕಾರು ಬಂದರೆ ಆ ಹುಡುಗಿಯನ್ನು ಕರೆಸುತ್ತಾರೆ. ‘ಇವಳೇ ನೋಡಿ, ನಮ್ ಲೈನಿನ ಹುಡುಗಿ, ನಾನೇ ಓದಿಸಿದ್ದು.’ ಅವಳು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದರೂ ಎದ್ದು ತಲೆ ಬಾಚಿಕೊಂಡು ಹೋಗಿ ನಿಲ್ಲಬೇಕು. ತೋಟ ತೋರಿಸಿ, ಮೆಣಸಿನ ಬಳ್ಳಿ ತೋರಿಸಿ, ಜಲಪಾತ ತೋರಿಸಿ, ಆಮೇಲೆ ಅವಳನ್ನು ತೋರಿಸುತ್ತಾರೆ. ತಾಯಮ್ಮ ಆ ಮುರುಕಲು ಮನೆ ಬಿಟ್ಟು ಮಗಳ ಜೊತೆ ಹಾಸನಕ್ಕೆ ಹೋಗುತ್ತೇನೆ ಅಂದಾಗ, ‘ಓದಿಸಿದ್ದಕ್ಕೆ ಇದೇನಾ’ ಅಂತ ಒಂದೇ ಮಾತು ಕೇಳಿದರು. ತಾಯಮ್ಮ ಹೋಗಲಿಲ್ಲ. ಅಂಥ ಶಾಲು ಹೊದ್ದವರಿಗೆ ಅದು ಕೊನೇತನಕ ಇಳಿಯುವುದಿಲ್ಲ ಮಾರಾಯ.

ಇನ್ನು ಸಂತೋಷದ ಮಾತು. ನಯನಾ ನಿನಗೆ ಫೋನಿನಲ್ಲಿ ಹೇಳಿರುತ್ತಾಳೆ. ನನ್ನ ಬಾಯಿಂದಲೂ ಕೇಳು. ಮೈಸೂರಿನ ಆ ಹಳೇ ಕಾಲೇಜಿನಲ್ಲಿ ನಮ್ಮ ಹುಡುಗಿಗೆ ಜಿಯಾಲಜಿ ಸೀಟು ಸಿಕ್ಕಿತು. ಮೂರು ವರ್ಷದ ಫೀಜು, ಹಾಸ್ಟೆಲು, ಊಟ, ಪುಸ್ತಕ ಎಲ್ಲವೂ ಮೆರಿಟ್ ಸ್ಕಾಲರ್‌ಶಿಪ್ಪಿನಲ್ಲಿ. ಯಾರ ಕೈಕಾಲೂ ಹಿಡಿಯದೆ ಸಿಕ್ಕಿತು. ಹೇಗೆ ಸಿಕ್ಕಿತು ಅಂತ ಅವಳು ನಿನಗೆ ಪೂರ್ತಿ ಹೇಳಿರುವುದಿಲ್ಲ. ಅವಳಿಗೆ ಅಪ್ಪನ ಹತ್ತಿರ ಅವ್ವನ ಮರ್ಯಾದೆ ಉಳಿಸುವ ಚಾಳಿ ಉಂಟು. ನನಗೆ ಆ ಮರ್ಯಾದೆ ಬೇಡ. ನಾನೇ ಹೇಳುತ್ತೇನೆ.

ಅವಳಿಗೆ ಈ ಕಲ್ಲುಮಣ್ಣಿನ ಹುಚ್ಚು ಹಿಡಿದದ್ದು ವನಗೂರಿನ ದಾರಿ ಕುಸಿದ ವರ್ಷ. ನಿನ್ನನ್ನು ನೋಡಲು ಬಂದವಳು ಅಲ್ಲೇ ಸಿಕ್ಕಿಕೊಂಡಳಲ್ಲ, ಆಗ. ಎಲ್ಲರೂ ಗುಡ್ಡ ಜಾರಿತು, ದೇವರ ಕೋಪ ಅಂದರು. ಇವಳು ‘ಪಕ್ಕದ ಗುಡ್ಡ ಯಾಕೆ ಜಾರಲಿಲ್ಲ, ಅದರ ಮೇಲೆ ದೇವರಿಗೆ ಕೋಪ ಇರಲಿಲ್ವಾ’ ಅಂತ ಕೇಳಿ ಬೈಸಿಕೊಂಡಳು. ಅವತ್ತಿನಿಂದ ಅದೇ ಪ್ರಶ್ನೆ. ಪಿಯುಸಿ ಫಲಿತಾಂಶ ಬಂದ ದಿನ ಊರಿಗೆ ಊರೇ ನರ್ಸಿಂಗ್ ಅಂದಿತು, ಡಿ.ಎಡ್. ಅಂದಿತು. ಇವಳು ಜಿಯಾಲಜಿ ಅಂದಳು. ಆಲೂರಿನಲ್ಲಿ ಅದಿಲ್ಲ. ಇರುವ ಕಡೆ ಹೋಗಿ ಇದ್ದು ಓದಲು ನನ್ನ ಬಿಸಿಯೂಟದ ಗೌರವಧನ ಸಾಲದು. ಅದಕ್ಕೆ ಅವರು ಗೌರವಧನ ಅಂತ ಹೆಸರಿಟ್ಟಿದ್ದಾರೆ, ಸಂಬಳ ಅಂದರೆ ಕೊಡಬೇಕಾಗುತ್ತದಲ್ಲ. ಹಾಗಾಗಿ ನಮ್ಮ ಮುಂದೆ ಇದ್ದ ಬಾಗಿಲು ಎರಡೇ. ಒಂದು ಧಣಿಯ ಶಾಲು. ಇನ್ನೊಂದು, ಇಷ್ಟವಿಲ್ಲದ್ದನ್ನು ಹತ್ತಿರದಲ್ಲಿ ಓದಿ ಸುಮ್ಮನಾಗುವುದು. ಇವಳು ಮೂರನೇ ಬಾಗಿಲು ಹುಡುಕುತ್ತೇನೆ ಅಂತ ನನ್ನ ಒಡಕು ಗಾಜಿನ ಫೋನ್ ಹಿಡಿದು ಕೂತಳು.

ಹುಡುಕಾಟ ಶುರುವಾದ ದಿನವೇ ನಮಗೆ ಜಗಳ. ಮೆರಿಟ್ ಅನ್ನುವ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ, ನಿನಗೂ ಗೊತ್ತು. ನಮ್ಮ ಹುಡುಗರು ಒಂದು ಸೀಟು ಪಡೆದಾಗಲೆಲ್ಲ ಆ ಪದವನ್ನು ಕಲ್ಲಿನ ಹಾಗೆ ಬೀಸಿ ಹೊಡೆದಿದ್ದಾರೆ. ಅದರ ವಿರುದ್ಧ ಹಾಸನದ ಬೀದಿಯಲ್ಲಿ ಗಂಟಲು ಹರಿಯುವಂತೆ ಕೂಗಿದವಳು ನಾನು. ನನ್ನ ಮನೆಯಲ್ಲೇ, ನನ್ನ ಒಲೆಯ ಪಕ್ಕದಲ್ಲೇ ಮಗಳು ಮೆರಿಟ್ ಮೆರಿಟ್ ಅಂತ ಹುಡುಕುತ್ತಾ ಕೂತರೆ ಹೇಗಿರುತ್ತದೆ? ಬೈದೆ. ಅವಳು ತಲೆಯೆತ್ತದೆ ಹೇಳಿದಳು: ‘ಮೆರಿಟ್ಟು ಅವರಪ್ಪನ ಮನೆ ಆಸ್ತಿ ಏನವ್ವ? ನಂಬರ್ ತೆಗೆದವಳು ನಾನು. ಸರ್ಕಾರದ್ದು ನಮ್ಮ ಹಕ್ಕು, ಅದನ್ನೂ ತಗೋತೀನಿ. ಇದು ನನ್ನ ನಂಬರಿಂದು, ಇದನ್ನೂ ತಗೋತೀನಿ. ನೀನು ಬೈಯೋದು ಬೈತಿರು.’

ಬಾಯಿ ಯಾರದ್ದು ಅಂತ ಕೇಳಬೇಡ. ನನ್ನದೇ.

ಆಗ ಸಿಕ್ಕಿದ್ದು ಅಣ್ಣಯ್ಯನ ಕಾಲೇಜು. ಅಣ್ಣಯ್ಯ ಗೊತ್ತಲ್ಲ, ಜಾಥಾದಲ್ಲಿ ತಮಟೆ ಹೊಡೆಯುತ್ತಿದ್ದವನು, ನಮ್ಮ ಮದುವೆಯಲ್ಲಿ ಪುರೋಹಿತನ ಜಾಗದಲ್ಲಿ ನಿಂತು ಇಬ್ಬರಿಗೂ ಪ್ರತಿಜ್ಞೆ ಓದಿಸಿದವನು. ಈಗ ಅವನದೇ ಕಾಲೇಜಿದೆ, ಊರ ಹೆಸರು ಬೇಡ. ಮೆರಿಟ್ ವಿದ್ಯಾರ್ಥಿಗಳಿಗೆ ಪೂರ್ತಿ ಉಚಿತ ಅಂತ ಹಾಕಿದ್ದ. ನಾನು ಕುಣಿದುಬಿಟ್ಟೆ. ನಮ್ಮವನ ಕಾಲೇಜು, ಇನ್ನೇನು ಬೇಕು ಅಂದುಕೊಂಡು ಮಗಳನ್ನು ಕರೆದುಕೊಂಡು ಹೋದೆ.

ಗೇಟಿನ ಒಳಗೆ ಕಾಲಿಟ್ಟರೆ ಗೋಡೆಯ ಮೇಲೆ ಬುದ್ಧ, ಬಸವಣ್ಣ, ಅಂಬೇಡ್ಕರ್, ಮೂವರ ಪಟವೂ ಆಳೆತ್ತರ. ನನ್ನ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ. ಅಣ್ಣಯ್ಯ ಕುರ್ಚಿಯಿಂದ ಎದ್ದು ಬಂದ. ‘ಪುಷ್ಪಕ್ಕ, ನಿನ್ನ ಮಗಳು ಬೇರೆ ನನ್ನ ಮಗಳು ಬೇರೇನಾ. ಒಂದು ಪೈಸೆ ಬೇಡ. ಇವತ್ತೇ ಸೇರಿಸಿ ಹೋಗು’ ಅಂದ. ಹಳೇ ಹಾಡಿನ ಒಂದು ಸಾಲನ್ನೂ ಗುನುಗಿದ. ನಾನು ಹೂಂ ಅಂದುಬಿಟ್ಟೆ. ಇಷ್ಟು ವರ್ಷ ಸಿಕ್ಕವರಿಗೆಲ್ಲ ‘ಪ್ರಶ್ನೆ ಕೇಳಿ, ಪ್ರಶ್ನೆ ಕೇಳಿ’ ಅಂತ ಭಾಷಣ ಬಿಗಿದವಳು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ ಧರ್ಮ. ಗೋಡೆಯ ಮೇಲಿನ ಪಟಗಳನ್ನು ನೋಡಿದೆ, ಸಾಕು ಅನ್ನಿಸಿತು. ಬೇರೆ ತಾಯಿಯಾಗಿದ್ದರೆ ಇಂಥ ತಪ್ಪು ಮಾಡುತ್ತಿರಲಿಲ್ಲ. ಚಳವಳಿಯಲ್ಲಿ ಬೆಳೆದವರು ಮಾತ್ರ ಮಾಡುವ ತಪ್ಪು ಇದು. ಪೂಜೆಯ ಪಟ ಕಂಡರೆ ಅನುಮಾನ ಪಡುತ್ತೇವೆ, ನಮ್ಮ ಪಟ ಕಂಡರೆ ಕರಗಿಹೋಗುತ್ತೇವೆ.

ಬಾತ್‌ರೂಮಿಗೆ ಹೋಗಿ ಬರುತ್ತೇನೆ ಅಂದ ಮಗಳು ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಹೆಣ್ಣುಮಕ್ಕಳ ಹಾಸ್ಟೆಲಿನ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಾಳೆ. ಪಕ್ಕದಲ್ಲಿ ಶೈಸ್ತಾ ಅಂತ ಅರಸೀಕೆರೆ ಕಡೆಯ ಹುಡುಗಿ, ಮೂರನೇ ವರ್ಷದವಳು, ದುಪಟ್ಟಾ ಹಿಂಡುತ್ತಾ ಎಲ್ಲ ಹೇಳುತ್ತಿದ್ದಾಳೆ. ಮೊದಲ ವರ್ಷ ಪೂರ್ತಿ ಉಚಿತವಂತೆ. ಎರಡನೇ ವರ್ಷದಿಂದ ತರಗತಿಗೆ ಮೊದಲು ಬಂದ ಒಬ್ಬರಿಗೆ ಮಾತ್ರ. ಮಿಕ್ಕವರು ಪೂರ್ತಿ ಫೀಜು ಕಟ್ಟಬೇಕು. ಬಿಟ್ಟು ಹೋಗುತ್ತೇನೆ ಅಂದರೆ ಟಿಸಿ ಕೊಡುವುದಿಲ್ಲ. ‘ಮೊದಲನೇ ವರ್ಷ ಹಾರ ಹಾಕ್ತಾರೆ ಆಂಟಿ, ಎರಡನೇ ವರ್ಷ ಅದೇ ಹಾರ ಹಿಡ್ಕೊಂಡು ಎಳೀತಾರೆ’ ಅಂದಳು ಆ ಹುಡುಗಿ, ನಗುನಗುತ್ತಲೇ. ಅವಳ ತಂದೆ ಆಟೋ ಮಾರಿದ್ದಾರೆ.

ನಯನಾ ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದಳು: ‘ಮೇಲೆ ಹಣ್ಣು, ಕೆಳಗೆಲ್ಲ ಕಾಯಿ ಐತೆ ಕಣವ್ವ.’

ಆ ಮಾತು ಎಲ್ಲಿಯದು ಅಂತ ನನಗೆ ತಕ್ಷಣ ಗೊತ್ತಾಯಿತು. ಗೊತ್ತಾದದ್ದಕ್ಕೇ ಸಿಟ್ಟು ಬಂತು. ವಾಪಸ್ ಬರುವಾಗ ಬಸ್ಸಿನಲ್ಲಿ ಹಾಸನ ಬರುವವರೆಗೆ ಅವಳಿಗೆ ಬೈದೆ. ಆ ಮೂವರ ಪಟ ಹಾಕಿಕೊಂಡವನು ಮೋಸ ಮಾಡುತ್ತಾನಾ, ಯಾರೋ ಒಬ್ಬಳ ಮಾತು ಕೇಳಿ ಸಂಗಾತಿಯನ್ನು ಅನುಮಾನಿಸುತ್ತೀಯಾ ಅಂದೆ. ‘ಪಟಕ್ಕೆ ಬಾಯಿ ಬಂದಿದ್ರೆ ಮೊದಲು ಅವರೇ ಟಿಸಿ ಕೇಳ್ತಿದ್ರು ಕಣವ್ವ’ ಅಂದಳು. ಮುಂದಿನ ಸೀಟಿನ ಅಜ್ಜ ತಿರುಗಿ ನೋಡಿ ನಕ್ಕುಬಿಟ್ಟ. ನಾನು ಕಿಟಕಿಯ ಆಚೆ ನೋಡಿದೆ.

ಮಾರನೇ ದಿನ ಅಣ್ಣಯ್ಯನಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ. ಇಲ್ಲ ಅನ್ನಲಿಲ್ಲ ಆಸಾಮಿ. ‘ಅಕ್ಕ, ಸಂಸ್ಥೆ ನಡೀಬೇಕಲ್ಲ’ ಅಂದ. ನಾನಂದೆ, ಆವಾಗ ನೀನು ತಮಟೆ ಬಾರಿಸ್ತಿದ್ದೆ ಅಣ್ಣಯ್ಯ, ಈಗ ಸಂಸ್ಥೆ ನಿನ್ನನ್ನ ಬಾರಿಸ್ತಾ ಐತೆ, ಮೊದಲು ಆ ಮೂವರನ್ನ ಗೋಡೆಯಿಂದ ಇಳಿಸು, ಅವರಿಗೂ ಕುತ್ತಿಗೆ ನೋಯ್ತಿರುತ್ತೆ. ಶೈಸ್ತಾಳ ವಿಷಯವನ್ನು ನಾನು ಅಲ್ಲಿಗೇ ಬಿಟ್ಟಿಲ್ಲ. ಅಲ್ಲಿನ ಹೆಣ್ಣುಮಕ್ಕಳು ಟಿಸಿಗಾಗಿ ಒಟ್ಟಿಗೆ ಅರ್ಜಿ ಕೊಟ್ಟಿದ್ದಾರೆ. ಅದನ್ನು ಬರೆದುಕೊಟ್ಟವರು ಯಾರು ಅಂತ ನಿನಗೆ ಹೇಳಬೇಕಿಲ್ಲ.

ಈಗ ಆ ಮಾತಿಗೆ ಬರುತ್ತೇನೆ. ಮೇಲೆ ಹಣ್ಣು, ಕೆಳಗೆ ಕಾಯಿ.

ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆ ಎಸ್ಟೇಟ್ ಸ್ಟೋರಿನ ಮುಂದೆ ತೂಕಕ್ಕೆ ಸಾಲು ನಿಲ್ಲುತ್ತಿದ್ದೆವು. ನಾವು ತಂದ ಚೀಲದ ಬಾಯಲ್ಲಿ ಕೆಂಪು ಹಣ್ಣು ಮಿನುಗುತ್ತಿರುತ್ತಿತ್ತು. ನೀನು ಅದನ್ನು ನೋಡುತ್ತಲೇ ಇರಲಿಲ್ಲ. ಅಂಗಿಯ ತೋಳು ಮಡಚಿ, ಮೊಣಕೈತನಕ ಚೀಲದೊಳಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡುತ್ತಿದ್ದೆ. ಹಸಿರು ಕಾಯಿ ಕಂಡರೆ ತೂಕದಲ್ಲಿ ಮುರಿದುಕೊಳ್ಳುತ್ತಿದ್ದೆ. ನಮ್ಮವ್ವ ಚೆಲುವಮ್ಮನ ಚೀಲಕ್ಕೂ ಹಾಗೇ ಕೈ ಹಾಕಿದೆ, ಹೆಂಡತಿಯ ಚೀಲಕ್ಕೂ ಹಾಕಿದೆ. ಆ ಕೈ ಕಂಡರೆ ನನಗೆ ಆಗುತ್ತಿರಲಿಲ್ಲ. ಏಳು ವರ್ಷದ ಹಿಂದೆ ಕೂಲಿ ಹೆಚ್ಚಿಸಿ ಅಂತ ನಾವು ಗೇಟಿನ ಮುಂದೆ ಕೂತಾಗ, ಅದೇ ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರ ಹೆಸರು ಕೂಗಿ ಗೈರು ಅಂತ ಬರೆದೆ. ‘ಪುಷ್ಪಾ’ ಅಂತಲೂ ಕೂಗಿದೆ. ನಾನು ಎದುರಿಗೇ ಕೂತಿದ್ದೆ, ನೀನು ನೋಡಿಕೊಂಡೇ ಗೈರು ಅಂದೆ. ‘ಇಬ್ಬರಲ್ಲಿ ಒಬ್ಬರಾದರೂ ಗಂಜಿ ಕಾಸಬೇಕಲ್ಲ ಕಣೆ’ ಅಂತ ಆಮೇಲೆ ಸಮಾಧಾನ ಹೇಳಲು ಬಂದೆ. ನಾನು ಮಗಳ ಕೈ ಹಿಡಿದು ಆಲೂರಿಗೆ ಬಂದೆ. ಈ ವಿಷಯದಲ್ಲಿ ನನ್ನ ಸಿಟ್ಟು ಇಳಿದಿಲ್ಲ, ಇಳಿಸುವ ಅಗತ್ಯವೂ ಇಲ್ಲ. ಅದು ನ್ಯಾಯದ ಸಿಟ್ಟು.

ಆದರೆ ಆ ತೂಕದ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು, ನೀನು ಕೈ ಇಳಿಸುವುದನ್ನು ಸಂಜೆ ಸಂಜೆಯೂ ನೋಡುತ್ತಿದ್ದ ಹುಡುಗಿ ಒಬ್ಬಳಿದ್ದಳು. ಅವಳು ಕಲಿತದ್ದು ಏನು ಅಂತ ನನಗೆ ಆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಿಳಿಯಿತು. ಕಾಲೇಜಿನವರು ಮೇಲೆ ಇಡುವುದನ್ನು ಅವಳು ನೋಡುವುದೇ ಇಲ್ಲ. ಪ್ರಿನ್ಸಿಪಾಲರ ಕೋಣೆಗೆ ಹೋಗುವ ಮೊದಲು ಮೂರನೇ ವರ್ಷದ ಹುಡುಗಿಯರನ್ನು ಹುಡುಕುತ್ತಾಳೆ. ನಿಮಗೆ ಈಗಲೂ ಸ್ಕಾಲರ್‌ಶಿಪ್ ಬರ್ತಾ ಐತಾ, ಒಂದು ಸಲ ನಂಬರ್ ಇಳಿದರೆ ಏನು ಮಾಡ್ತಾರೆ, ಬಿಟ್ಟು ಹೋದವರು ಯಾಕೆ ಬಿಟ್ಟರು, ಅಷ್ಟೇ ಕೇಳುತ್ತಾಳೆ. ನೀನು ಬಡವರ ಚೀಲಕ್ಕೆ ಇಳಿಸಿದ ಕೈಯನ್ನು ನಿನ್ನ ಮಗಳು ದೊಡ್ಡವರ ಚೀಲಕ್ಕೆ ಇಳಿಸಿದಳು. ಕೈ ಅದೇ ಧರ್ಮ, ಚೀಲ ಬದಲಾಯಿತು. ಇದನ್ನು ಬರೆಯುವಾಗ ನನಗೆ ಹಲ್ಲು ಕಚ್ಚಿಕೊಳ್ಳಬೇಕಾಯಿತು. ಆದರೂ ಬರೆದೆ.

ಮೈಸೂರಿನ ಕಾಲೇಜಿನಲ್ಲೂ ಹಾಗೇ ಮಾಡಿದಳು. ಅರ್ಜಿ ಹಾಕುವ ಮೊದಲೇ ಒಂದು ಸಲ ಹೋಗಿ ಹಾಸ್ಟೆಲಿನ ಹಿಂದೆ ಸುತ್ತಾಡಿ ಬಂದಳು. ಸುಣ್ಣ ಉದುರಿದ ಗೋಡೆ, ಪಟವಿಲ್ಲ, ಹೂವಿನ ಕುಂಡವಿಲ್ಲ. ಆದರೆ ಮೂರನೇ ವರ್ಷದವರಿಗೂ ಸ್ಕಾಲರ್‌ಶಿಪ್ ಬರುತ್ತಿದೆ. ಟೈಫಾಯಿಡ್ ಬಂದು ಒಂದು ಪರೀಕ್ಷೆಯಲ್ಲಿ ನಂಬರ್ ಇಳಿದ ಹುಡುಗಿಗೆ, ಮುಂದಿನ ಪರೀಕ್ಷೆಯತನಕ ಕಾಯುತ್ತೇವೆ ಅಂದರಂತೆ, ನಿಲ್ಲಿಸಲಿಲ್ಲವಂತೆ. ‘ತಳದಲ್ಲೂ ಹಣ್ಣೇ ಐತೆ ಅವ್ವ’ ಅಂತ ಅಲ್ಲಿಂದಲೇ ಫೋನ್ ಮಾಡಿದಳು.

ಅರ್ಜಿಯ ಜೊತೆಗೆ, ಈ ನೆರವು ನಿಮಗೆ ಏಕೆ ಬೇಕು ಅಂತ ಒಂದು ಪುಟ ಬರೆದು ಕಳಿಸಬೇಕಿತ್ತು. ಬರೆಯುವ ಕೆಲಸ ತಾನೇ, ಕೊಡು ಅಂದೆ. ಇಷ್ಟು ವರ್ಷದ ಕೈ, ಒಂದೇ ಉಸಿರಿಗೆ ಬರೆದುಕೊಟ್ಟೆ. ಓದಿದವಳು ನೆಲದ ಮೇಲೆ ಬಿದ್ದು ನಕ್ಕಳು. ಏನಾಗಿದೆ ಅಂತ ನಾನೂ ತಿರುಗಿ ಓದಿದೆ. ‘ಸದರಿ ಸೌಲಭ್ಯವನ್ನು ಕೂಡಲೇ ಮಂಜೂರು ಮಾಡಬೇಕೆಂದು ಈ ಮೂಲಕ ಆಗ್ರಹಿಸುತ್ತೇವೆ. ತಪ್ಪಿದಲ್ಲಿ ಕಾಲೇಜಿನ ಮುಂಭಾಗ ಉಗ್ರ ಹೋರಾಟ ಹಮ್ಮಿಕೊಳ್ಳುವುದು ಅನಿವಾರ್ಯವಾಗುತ್ತದೆ’ ಅಂತ ಕೊನೆಯಲ್ಲಿ ಬಂದುಬಿಟ್ಟಿದೆ. ಅದರ ಕೆಳಗೆ, ಪ್ರತಿಗಳು ಜಿಲ್ಲಾಧಿಕಾರಿಗಳಿಗೆ ಮತ್ತು ಪತ್ರಿಕಾ ಮಿತ್ರರಿಗೆ. ಕೈ ತಾನಾಗಿ ಬರೆದಿದೆ ಮಾರಾಯ, ನಾನೇನು ಮಾಡಲಿ. ‘ಇದನ್ನ ಇಟ್ಕಂಡಿರವ್ವ, ಸೀಟು ಕೊಡದಿದ್ರೆ ಎರಡನೇದಾಗಿ ಕಳಿಸನ’ ಅಂತ ಮಡಚಿ ನನ್ನ ಕೈಗೆ ಕೊಟ್ಟು, ತಾನೇ ಬೇರೆ ಬರೆದಳು. ಗುಡ್ಡದ ಬಗ್ಗೆ, ಅದರ ಕೆಳಗಿನ ಲೈನಿನ ಮನೆಗಳ ಬಗ್ಗೆ.

ಸಂದರ್ಶನದ ದಿನ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬ್ಯಾಗಿನಲ್ಲಿ ಆ ಮಡಚಿದ ಕಾಗದ ಇತ್ತು, ಇರಲಿ ಅಂತ. ಒಳಗೆ ನಡೆದದ್ದನ್ನು ಅವಳು ಬಂದು ಹೇಳಿದ್ದು. ಮೇಡಂ ಒಬ್ಬರು, ಗುಡ್ಡ ಯಾಕೆ ಜಾರಿತು ಅಂತ ನಿನಗನ್ನಿಸುತ್ತೆ ಅಂತ ಕೇಳಿದರಂತೆ. ಇವಳು ಊಟದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳಂತೆ. ಒಳಗೆ ಎರಡು ಥರದ ಮಣ್ಣು, ನಡುವೆ ಬಾಳೆಲೆಯ ತುಂಡು. ಜಾರಿದ ಗುಡ್ಡದ್ದೊಂದು, ಜಾರದ ಗುಡ್ಡದ್ದೊಂದು. ನೀರು ಹಾಕಿ ಉಜ್ಜಿ ನೋಡಿ ಮೇಡಂ, ಇದು ಸೋಪಿನ ಥರ ಜಾರುತ್ತೆ, ಅದು ಜಾರಲ್ಲ, ಯಾಕೆ ಅಂತ ನನಗೆ ಗೊತ್ತಿಲ್ಲ, ಅದಕ್ಕೇ ಬಂದಿದ್ದೀನಿ ಅಂದಳಂತೆ. ಮೇಡಂ ಎದ್ದು ಹೋಗಿ ನೀರು ತಂದರಂತೆ. ಇನ್ನೊಬ್ಬರು, ನಿಮ್ಮ ತಂದೆ ಏನು ಮಾಡುತ್ತಾರೆ ಅಂತ ಕೇಳಿದ್ದಕ್ಕೆ ಎಸ್ಟೇಟಿನಲ್ಲಿ ರೈಟರ್ ಅಂದಳಂತೆ. ತಾಯಿ? ‘ಮಕ್ಕಳಿಗೆ ಅಡುಗೆ ಮಾಡ್ತಾರೆ, ದೊಡ್ಡವರ ಹತ್ರ ಜಗಳ ಆಡ್ತಾರೆ.’ ನನ್ನ ಇಡೀ ಬದುಕನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ. ಸಂಘದ ಮುಂದಿನ ಕರಪತ್ರದಲ್ಲಿ ಹಾಕಿಸಬೇಕು ಅಂತಿದ್ದೇನೆ.

ಆ ಮಣ್ಣನ್ನು ಹಾರೆ ಹಿಡಿದು ಅಗೆದುಕೊಟ್ಟವನು ನೀನು ಅಂತ ಆಮೇಲೆ ಗೊತ್ತಾಯಿತು. ಯುಗಾದಿಗೆ ಬಂದವಳನ್ನು ಕರೆದುಕೊಂಡು ಎರಡೂ ಗುಡ್ಡ ಹತ್ತಿದೆಯಂತೆ. ನಿನಗೆ ಆ ಮಂಡಿನೋವು ಇನ್ನೂ ಇದೆ ತಾನೇ? ಹತ್ತುವ ಬುದ್ಧಿ ಇದ್ದವನಿಗೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವ ಬುದ್ಧಿಯೂ ಇರಬೇಕು.

ಸೀಟು ಸಿಕ್ಕ ಸುದ್ದಿ ಬಂದ ಮೇಲೆ ಇನ್ನೊಂದು ಜಗಳವಾಯಿತು. ಕಾಗದಪತ್ರ ಕೊಡಲು ಹೋದಾಗ ವರಾಂಡದಲ್ಲಿ ಸಣ್ಣ ಕಲ್ಲಿನ ಫಲಕ ಕಂಡೆ. ಈ ಸ್ಕಾಲರ್‌ಶಿಪ್ಪಿಗೆ ಹಣ ಇಟ್ಟವರು ರಾಜಲಕ್ಷ್ಮಮ್ಮ ಅಂತ, ನಮ್ಮ ಕಡೆಯ ಕಾಫಿ ತೋಟದ ಒಡತಿ, ಕಾಲವಾಗಿ ಎಷ್ಟೋ ವರ್ಷವಾಗಿದೆ. ನನ್ನ ರಕ್ತ ಕುದಿಯಿತು. ಒಬ್ಬ ಧಣಿಯ ಶಾಲು ಬೇಡ ಅಂತ ಓಡಿಬಂದು ಇನ್ನೊಬ್ಬ ಧಣಿಯ ಶಾಲು ಹೊದೆಯುವುದಾ, ನಡಿ ಮನೆಗೆ ಅಂದೆ. ಕಾಲೇಜಿನ ಮೆಟ್ಟಿಲ ಮೇಲೆ, ಎಲ್ಲರ ಎದುರಿಗೆ. ಅವಳು ಅಲ್ಲೇ ಕೂತಳು. ಅದೂ ನನ್ನಿಂದಲೇ ಕಲಿತದ್ದು, ಧರಣಿ.

‘ಶಾಲು ಎಲ್ಲೈತೆ ತೋರಿಸವ್ವ’ ಅಂದಳು. ‘ಆಯಮ್ಮ ಹೋಗಿಬಿಟ್ಟವ್ರೆ. ನನ್ನ ಕೈಲಿ ನಮಸ್ಕಾರ ಮಾಡಿಸ್ಕಳಕ್ಕೆ ಯಾರೂ ಇಲ್ಲ, ಫೋಟೋ ಹಿಡಿಯಕ್ಕೆ ಯಾರೂ ಇಲ್ಲ. ಬೆಟ್ಟದ ತಾಲ್ಲೂಕಿನ ಹೆಣ್ಣುಮಕ್ಕಳಲ್ಲಿ ಯಾರಿಗೆ ಜಾಸ್ತಿ ನಂಬರ್ ಬಂದೈತೋ ಅವರನ್ನ ಕರೆದು ಮಾತಾಡಿಸಿ ಕೊಡ್ಬೇಕು ಅಂತ ಬರೆದಿಟ್ಟು ಹೋಗವ್ರೆ. ಯಾರ ಮಗಳು ಅಂತ ನೋಡಿ ಕೊಡಂಗಿಲ್ಲ. ಯಾರ ಮಗಳು ಅಂತ ನೋಡಂಗಿಲ್ಲ ಅನ್ನೋದೇ ಅಲ್ವಾ ನೀನು ಬೀದೀಲಿ ಕೂಗಿದ್ದು?’ ಆಮೇಲೆ ಅವಳೇ ಕೇಳಿದಳು: ‘ಅಜ್ಜಿ ಎಷ್ಟು ತೋಟದಲ್ಲಿ ಹಣ್ಣು ಕೊಯ್ದವ್ರೆ ಅವ್ವ?’

ನಮ್ಮವ್ವ ಕೊಯ್ಯದ ತೋಟ ಈ ಬೆಟ್ಟದಲ್ಲಿ ಯಾವುದಿದೆ ಧರ್ಮ? ಅವಳ ಬೆರಳಿನ ಸಂದಿಯ ಕಪ್ಪು ಸಾಯುವತನಕ ಹೋಗಲಿಲ್ಲ. ಆ ಮೆಟ್ಟಿಲ ಮೇಲೆ ನಾನೂ ಮಗಳ ಪಕ್ಕ ಕೂತೆ. ಕೂತು ಯೋಚಿಸಿದೆ. ದಾನಕ್ಕೆ ಮುಖ ಇರುತ್ತದೆ, ಆ ಮುಖವನ್ನು ಸಾಯುವತನಕ ನೋಡುತ್ತಿರಬೇಕು. ನಿಯಮಕ್ಕೆ ಮುಖ ಇಲ್ಲ. ಬಾಬಾ ಸಾಹೇಬರು ನಮಗಾಗಿ ಬರೆಸಿಟ್ಟದ್ದೂ ಮುಖ ನೋಡದ ನಿಯಮವನ್ನೇ. ಆ ರಾಜಲಕ್ಷ್ಮಮ್ಮ ಒಳ್ಳೆಯವರೋ ಕೆಟ್ಟವರೋ ನನಗೆ ಗೊತ್ತಿಲ್ಲ. ಅವರು ಮಾಡಿದ ಒಂದು ಕೆಲಸವಂತೂ ಸರಿಯಾಗಿದೆ, ಕೊಟ್ಟು ಪಕ್ಕಕ್ಕೆ ಸರಿದಿದ್ದಾರೆ. ಚೆಲುವಮ್ಮ ಕೊಯ್ದದ್ದು ಬೆಟ್ಟ ಇಳಿದು, ಮೈಸೂರು ಸುತ್ತಿಕೊಂಡು ಮೊಮ್ಮಗಳ ಕೈಗೆ ಬಂತು ಅಂದುಕೊಂಡೆ. ಎದ್ದು ಹೋಗಿ ಕಾಗದಪತ್ರ ಕೊಟ್ಟೆವು. ವಾಪಸ್ ಬರುವಾಗ ಇಬ್ಬರೂ ಮಸಾಲೆ ದೋಸೆ ತಿಂದೆವು. ಎಷ್ಟೋ ದಿನದ ಮೇಲೆ ಅನ್ನ ಬೇಯಿಸಿದವಳ ಹಾಗಲ್ಲದೆ, ಉಂಡವಳ ಹಾಗೆ ನಿದ್ದೆ ಮಾಡಿದೆ.

ಈಗ ನಿನ್ನ ಮುಂದೆ ಹಕ್ಕೊತ್ತಾಯ ಇಡುತ್ತೇನೆ. ಭಾನುವಾರದ ಆ ಶಾಮಿಯಾನ ಏಳಬಾರದು. ಬೇಡ ಅನ್ನುವ ಮಾತನ್ನು ನೀನೇ ಧಣಿಗೆ ಹೇಳಬೇಕು. ನಾನು ಬಂದು ಹೇಳಿದರೆ ಅದು ಸಂಘದ ಹೆಂಗಸಿನ ಗಲಾಟೆ ಆಗುತ್ತದೆ, ನೀನು ಹೇಳಿದರೆ ಅದು ಅಪ್ಪನ ಮಾತು. ಹಾಜರಿ ಕೂಗುವ ಆ ಗಟ್ಟಿ ದನಿಯಲ್ಲೇ ಹೇಳು. ಎರಡನೇದು, ಜುಲೈ ಏಳು ಸೋಮವಾರ ಅವಳನ್ನು ಹಾಸ್ಟೆಲಿಗೆ ಬಿಡಬೇಕು. ಹಿಂದಿನ ದಿನವೇ ಆಲೂರಿಗೆ ಬಾ. ಸೋಮವಾರ ಬೆಳಿಗ್ಗೆ ಮೂವರೂ ಹಾಸನಕ್ಕೆ ಹೋಗಿ ಮೈಸೂರಿನ ಬಸ್ಸು ಹತ್ತೋಣ. ಅವಳ ಟ್ರಂಕು ಹೊರಲು ಜನ ಬೇಕು, ಬೇರೆ ಅರ್ಥ ಮಾಡಿಕೊಳ್ಳಬೇಡ. ಅವತ್ತು ಅವಳು ಮತ್ತೊಮ್ಮೆ ಹಾಸ್ಟೆಲಿನ ಹಿಂದೆ ಹೋಗುತ್ತಾಳಂತೆ, ಹೊಸ ಹುಡುಗಿಯರಿಗೆ ತಳ ನೋಡುವುದನ್ನು ಕಲಿಸಲು. ಗುರು ಪಕ್ಕದಲ್ಲಿದ್ದರೆ ಚೆಂದ.

ಜಗಳ ಇನ್ನೂ ಮುಗಿಯದ, ಮುಗಿಸುವ ಅವಸರವೂ ಇಲ್ಲದ,
ನಿನ್ನ ಸಂಗಾತಿ
ಪುಷ್ಪಾ

ಮ.ವಿ.: ನಯಾಜ್ ಹೇಳಿದ್ದರಲ್ಲಿ ಅರ್ಧ ಮಾತ್ರ ಮೇಲೆ ಬರೆದೆ. ಉಳಿದರ್ಧವನ್ನೂ ಅವತ್ತೇ ಹೇಳಿದ್ದ. ನೀನು ಸ್ಟೋರಿನ ಮುಂದೆ, ಲೈನಿನ ಹೆಂಗಸರು ಗೊಬ್ಬರದ ಬುಟ್ಟಿ ಹಿಡಿದು ನಿಂತಿರುವಾಗ ಧಣಿಗೆ ಹೇಳಿದೆಯಂತಲ್ಲ: ‘ನನ್ ಮಗಳು ಅವಳ ನಂಬರಿಂದಲೇ ಓದ್ತಾಳೆ ಸ್ವಾಮಿ. ಶಾಲು ಹೊದಿಸಲೇಬೇಕು ಅಂತಿದ್ರೆ ಲೈನಿನ ಛಾವಣಿಗೆ ಹೊದಿಸಿ, ಸೋರ್ತಾ ಐತೆ.’ ಹೆಂಗಸರು ಬುಟ್ಟಿ ಕೆಳಗಿಟ್ಟು ನಕ್ಕರಂತೆ. ಇಷ್ಟು ವರ್ಷ ಘೋಷಣೆ ಬರೆದ ನನಗೆ ಅಂಥದ್ದೊಂದು ಹೊಳೆಯಲಿಲ್ಲವಲ್ಲ ಅಂತ ಹೊಟ್ಟೆಕಿಚ್ಚಾಯಿತು. ಎಲ್ಲ ಗೊತ್ತಿದ್ದೂ ಮೇಲೆ ಅಷ್ಟೊಂದು ಬೈದದ್ದು ಯಾಕೆ ಅಂತ ಕೇಳಬೇಡ. ಬೈಗುಳವಿಲ್ಲದೆ ನಿನಗೆ ಕಾಗದ ಶುರು ಮಾಡುವುದು ನನಗೆ ಇನ್ನೂ ಬರುವುದಿಲ್ಲ. ಹಾಸನದಿಂದ ಮೈಸೂರಿಗೆ ಮೂರು ಸೀಟನ್ನು ಈ ಕಾಗದ ಬರೆಯುವ ಮೊದಲೇ ಕಾದಿರಿಸಿದ್ದೇನೆ. ಕಿಟಕಿಯ ಪಕ್ಕದ್ದು ನನ್ನದು, ಅದರ ಬಗ್ಗೆ ಮಾತುಕತೆ ಇಲ್ಲ.